ರಸ್ತೆ ಯಾರ ವಿಷಯ?

ಮಗಳೇ,

ನಿನ್ನ ಪಿಎಚ್‌ಡಿ ಪ್ರಸ್ತಾವ ಓದಿದೆ. ವಿಧಾನಸಭೆಯಲ್ಲಿ ಶಾಸಕಿಯರು ಕೇಳಿದ ಪ್ರಶ್ನೆಗಳಲ್ಲಿ ‘ಮಹಿಳಾ ವಿಷಯ’ ಎಷ್ಟು ಎಂದು ಎಣಿಸಲು ಹೊರಟಿದ್ದೀಯ. ಹೆರಿಗೆ ಆಸ್ಪತ್ರೆ, ವರದಕ್ಷಿಣೆ, ಅಂಗನವಾಡಿ ಎಂದು ಪಟ್ಟಿಯೂ ಸಿದ್ಧವಾಗಿದೆ. ಆ ಪಟ್ಟಿಯನ್ನು ಸ್ವಲ್ಪ ದಿನ ಬದಿಗಿಡು.

ರಾಘವೇಂದ್ರ ಚಟ್ಟೋಪಾಧ್ಯಾಯ ಮತ್ತು ಎಸ್ತರ್ ಡುಫ್ಲೊ 2004ರಲ್ಲಿ ಪ್ರಕಟಿಸಿದ ಅಧ್ಯಯನ ಹಾಗೆ ಪಟ್ಟಿ ಹಿಡಿದು ಹೊರಟದ್ದಲ್ಲ. ಅವರು ನೋಡಿದ್ದು ಪಶ್ಚಿಮ ಬಂಗಾಳದ ಬೀರ್‌ಭೂಮ್, ರಾಜಸ್ಥಾನದ ಉದಯಪುರ ಜಿಲ್ಲೆಗಳ 265 ಪಂಚಾಯಿತಿಗಳನ್ನು. ಯಾವ ಪಂಚಾಯಿತಿಯ ಅಧ್ಯಕ್ಷಸ್ಥಾನ ಹೆಂಗಸರಿಗೆ ಮೀಸಲು ಎಂಬುದನ್ನು ಊರಿನವರು ಆರಿಸಿಕೊಂಡಿರಲಿಲ್ಲ. ಅದು ಸರದಿಯ ಲೆಕ್ಕದಲ್ಲಿ ಬಂದದ್ದು. ಹಾಗಾಗಿ ಮೀಸಲಾದ ಊರನ್ನೂ ಆಗದ ಊರನ್ನೂ ಪಕ್ಕಪಕ್ಕ ಇಟ್ಟು ತೂಗಬಹುದಿತ್ತು. ಹೆಂಗಸರು ತಂದ ಅಹವಾಲುಗಳೇನು, ಗಂಡಸರು ತಂದವೇನು ಎಂದು ಬೇರೆಬೇರೆಯಾಗಿ ಲೆಕ್ಕ ಹಾಕಿದರು. ಕುಡಿಯುವ ನೀರಿನ ದೂರು ಎರಡೂ ಕಡೆ ಹೆಂಗಸರದ್ದೇ ಹೆಚ್ಚು. ರಸ್ತೆಯ ಕಥೆ ಮಾತ್ರ ಬೇರೆ. ಬಂಗಾಳದಲ್ಲಿ ಅದನ್ನು ಹೆಚ್ಚು ಕೇಳಿದವರು ಹೆಂಗಸರು, ರಾಜಸ್ಥಾನದಲ್ಲಿ ಗಂಡಸರು. ಮೀಸಲು ಪಂಚಾಯಿತಿಗಳ ಕೆಲಸವೂ ಅದೇ ಜಾಡಿನಲ್ಲಿ ನಡೆದಿತ್ತು: ನೀರಿಗೆ ಎರಡೂ ಕಡೆ ಹೆಚ್ಚು, ರಸ್ತೆಗೆ ಬಂಗಾಳದಲ್ಲಿ ಹೆಚ್ಚು, ರಾಜಸ್ಥಾನದಲ್ಲಿ ಕಡಿಮೆ.

ರಸ್ತೆ ‘ಮಹಿಳಾ ವಿಷಯ’ವೇ? ಬೀರ್‌ಭೂಮಿನಲ್ಲಿ ಹೌದು, ಉದಯಪುರದಲ್ಲಿ ಅಲ್ಲ. ಗ್ರಂಥಾಲಯದ ಮೇಜಿನ ಮುಂದೆ ಕೂತು ಇದನ್ನು ಊಹಿಸಲು ಆಗುತ್ತಿತ್ತೇ?

ಆ ಅಧ್ಯಕ್ಷೆಯರಲ್ಲಿ ಅನೇಕರಿಗೆ ರಾಜಕೀಯದ ಅನುಭವ ಕಡಿಮೆಯಿತ್ತು, ಗಂಡಂದಿರ ನೆರವಿತ್ತು. ಸಹಿ ಹೆಂಡತಿಯದು, ದರ್ಬಾರು ಗಂಡನದು ಎಂಬ ಮಾತು ನಮ್ಮಲ್ಲೂ ಹಳೆಯದು. ಸಂವಿಧಾನದ 73ನೇ ತಿದ್ದುಪಡಿಗೂ ಮೊದಲೇ, 1987ರಲ್ಲಿ, ಕರ್ನಾಟಕದ ಮಂಡಲ ಪಂಚಾಯಿತಿ ಮತ್ತು ಜಿಲ್ಲಾ ಪರಿಷತ್ತುಗಳಿಗೆ ಶೇ. 25ರ ಮಹಿಳಾ ಮೀಸಲಾತಿಯೊಂದಿಗೆ ಚುನಾವಣೆ ನಡೆದಿತ್ತಲ್ಲ. ಗಂಡನ ದರ್ಬಾರಿನ ಆ ಮಾತನ್ನು ಪೂರ್ತಿ ಸುಳ್ಳೆನ್ನಲಾರೆ. ಆದರೂ ಬಂಗಾಳದ ಆ ಊರುಗಳಿಗೆ ನೀರು ಬಂತು. ಗಂಡನ ಹೆಸರು ಕಿವಿಗೆ ಬಿದ್ದ ಕೂಡಲೇ ನೋಟ್‌ಬುಕ್ ಮುಚ್ಚಬೇಡ.

ನಿನ್ನ ಅಧ್ಯಯನದ ಕ್ಷೇತ್ರ ಇನ್ನೂ ಇಕ್ಕಟ್ಟಿನದು. 2023ರ ಕರ್ನಾಟಕ ವಿಧಾನಸಭಾ ಚುನಾವಣೆಯಲ್ಲಿ 224 ಸ್ಥಾನಗಳಲ್ಲಿ ಗೆದ್ದ ಹೆಂಗಸರು 10 ಮಂದಿ. ಇಷ್ಟು ಜನರಲ್ಲಿ ಶೇಕಡಾವಾರು ತೆಗೆದರೆ, ಒಬ್ಬರು ಒಂದು ಅಧಿವೇಶನಕ್ಕೆ ಗೈರಾದರೂ ನಿನ್ನ ಕೋಷ್ಟಕ ಅಲುಗಾಡುತ್ತದೆ. ಎಣಿಸುವ ಮೊದಲು ಓದು. ಅವರ ಚುಕ್ಕೆ ಗುರುತಿನ ಪ್ರಶ್ನೆಗಳನ್ನು, ಶೂನ್ಯವೇಳೆಯ ಮಾತುಗಳನ್ನು ಕಲಾಪದ ನಡಾವಳಿಯಲ್ಲಿ ಸಾಲುಸಾಲಾಗಿ ಓದು. ಬೋರ್‌ವೆಲ್, ಬಸ್ಸು, ಸೇತುವೆ ಸಿಕ್ಕರೆ ‘ಇತರೆ’ ಎಂಬ ಕಾಲಮ್ಮಿಗೆ ತಳ್ಳಬೇಡ. ಆಮೇಲೆ ಅವರ ಕ್ಷೇತ್ರಕ್ಕೆ ಹೋಗಿ, ಹೆಂಗಸರು ಶಾಸಕಿಯ ಹತ್ತಿರ ಏನು ಕೇಳಿದ್ದರು ಎಂದು ವಿಚಾರಿಸು.

ಅಲ್ಲಿಂದ ಬಂದ ಮೇಲೆ ಹೊಸ ಪಟ್ಟಿ ಕಳಿಸು. ಕಾಯುತ್ತಿರುತ್ತೇನೆ.

ನಿನ್ನ
ದೊಡ್ಡಮ್ಮ