ಹಂಚಬಹುದು, ತಿದ್ದಬಹುದು: ಮುಕ್ತ ತಂತ್ರಾಂಶದ ಕರಾರು

ಹೆಬ್ಬಾಳದಿಂದ ಯಲಹಂಕಕ್ಕೆ ಹೋಗುವ ಬಳ್ಳಾರಿ ರಸ್ತೆಯಲ್ಲಿ ಜಿ.ಕೆ.ವಿ.ಕೆ. ಇದೆ. ಅದು ಕೃಷಿ ವಿಶ್ವವಿದ್ಯಾಲಯ. ಜಿಪಿಯು-28 ಎಂಬ ರಾಗಿ ತಳಿ ಅಲ್ಲಿಂದ ಬಂದದ್ದು. ನಮ್ಮ ಕಡೆಯ ರೈತರು ಬೀಜ ತಂದು ಬಿತ್ತುತ್ತಾರೆ. ಒಳ್ಳೆ ತೆನೆ ಆರಿಸಿ ಮುಂದಿನ ವರ್ಷಕ್ಕೆ ಇಡುತ್ತಾರೆ. ಪಕ್ಕದ ಹೊಲದವರಿಗೂ ಒಂದು ಸೇರು ಕೊಡುತ್ತಾರೆ.

ಹೀಗೆ ಬೀಜ ಇಟ್ಟುಕೊಳ್ಳುವುದು, ಬಿತ್ತುವುದು, ಹಂಚುವುದು ರೈತರ ಹಕ್ಕು. 2001ರಲ್ಲಿ ಇದಕ್ಕೆ ಕಾನೂನೇ ಬಂತು. ಅದರಲ್ಲಿ ಒಂದು ಷರತ್ತೂ ಇದೆ. ರಕ್ಷಣೆ ಪಡೆದ ತಳಿಯ ಬೀಜವನ್ನು ಹೆಸರು, ಗುರುತು ಹಾಕಿದ ಚೀಲದಲ್ಲಿ ತುಂಬಿ ರೈತರು ಮಾರುವಂತಿಲ್ಲ. ಹಕ್ಕೂ ಇದೆ, ಷರತ್ತೂ ಇದೆ. ಎರಡನ್ನೂ ಬರೆದಿಟ್ಟಿದ್ದಾರೆ.

ಕಂಪ್ಯೂಟರಿನ ಲೋಕದಲ್ಲೂ ಇಂಥದೇ ಒಂದು ಕರಾರು ಇದೆ. ಇವತ್ತು ಅದನ್ನು ತಿಳಿಯೋಣ.

“ಕಂಪ್ಯೂಟರು ಓದಿದೋರಿಗೆ. ನಮಗ್ಯಾಕೆ?” ಅಂತ ಕೆಲವರು ಕೇಳಬಹುದು. ಯಶವಂತಪುರದಿಂದ ಗಾರ್ಮೆಂಟ್ಸಿಗೆ ಹೋಗುವ ಅಕ್ಕನ ಕೈಯಲ್ಲಿ ಮೊಬೈಲ್ ಇದೆ. ಆರ್.ಟಿ. ನಗರದಲ್ಲಿ ಮನೆಗೆಲಸ ಮಾಡುವ ತಂಗಿಯ ಕೈಯಲ್ಲೂ ಇದೆ. ಮೊಬೈಲ್ ಅಂದರೆ ಪುಟ್ಟ ಕಂಪ್ಯೂಟರೇ.

ತಂತ್ರಾಂಶ ಎಂದರೇನು?

ಯಂತ್ರಕ್ಕೆ ತಾನಾಗಿ ಬುದ್ಧಿ ಇಲ್ಲ. “ಮೊದಲು ಇದು ಮಾಡು, ಆಮೇಲೆ ಅದು ಮಾಡು” ಎಂದು ಯಾರಾದರೂ ಬರೆದುಕೊಡಬೇಕು. ಹೀಗೆ ಬರೆದ ಸೂಚನೆಗಳೇ ತಂತ್ರಾಂಶ. ಇದನ್ನೇ ಸಾಫ್ಟ್‌ವೇರ್ ಅನ್ನುತ್ತಾರೆ.

ಮನುಷ್ಯರು ಬರೆದ ಸೂಚನೆಗೆ ಮೂಲ ಬರಹ ಎನ್ನೋಣ. ತಿಳಿದವರು ಅದನ್ನು ಓದಬಹುದು, ತಿದ್ದಬಹುದು. ಯಂತ್ರಕ್ಕೆ ತಕ್ಕಂತೆ ಅದನ್ನು ಬದಲಿಸಿದ ಮೇಲೆ ಓದುವುದು ಬಹಳ ಕಷ್ಟ.

ರವಿಕೆಯನ್ನು ನೆನೆಯಿರಿ. ಹೊಲಿದ ರವಿಕೆ ಕೊಟ್ಟರೆ ತೊಡಬಹುದು, ಅಷ್ಟೆ. ಅದರ ಪ್ಯಾಟರ್ನ್ ಕಾಗದವನ್ನೂ ಕೊಟ್ಟರೆ? ತೋಳು ಉದ್ದ ಮಾಡಬಹುದು. ಕೊರಳು ಬದಲಿಸಬಹುದು. ಇನ್ನೂ ಹತ್ತು ಹೊಲಿಯಬಹುದು. ಮೂಲ ಬರಹ ಆ ಪ್ಯಾಟರ್ನ್ ಕಾಗದದ ಹಾಗೆ.

ಬೀಗ ಹಾಕಿದ್ದು, ಹಾಕದ್ದು

ತಂತ್ರಾಂಶ ಬರೆದವರಿಗೆ ಅದರ ಮೇಲೆ ಹಕ್ಕಿದೆ. ನಮ್ಮ ದೇಶದಲ್ಲಿ 1957ರ ಕಾಪಿರೈಟ್ ಕಾನೂನು ಇದಕ್ಕೂ ಸಲ್ಲುತ್ತದೆ. ಅವರ ಒಪ್ಪಿಗೆ ಇಲ್ಲದೆ ನಕಲು ಮಾಡಿ ಹಂಚಿದರೆ ತಪ್ಪು. ಆ ಒಪ್ಪಿಗೆ ಪತ್ರಕ್ಕೆ ಪರವಾನಗಿ ಎಂದು ಹೆಸರು. ಲೈಸೆನ್ಸ್ ಅಂದರೂ ಅದೇ.

ಹಲವು ಕಂಪನಿಗಳ ಪರವಾನಗಿ ಹೀಗಿರುತ್ತದೆ: “ಬಳಸಿ. ಆದರೆ ಹಂಚಬೇಡಿ, ತಿದ್ದಬೇಡಿ.” ಮೂಲ ಬರಹವನ್ನು ತೋರಿಸುವುದಿಲ್ಲ.

ಅಮೆರಿಕದ ರಿಚರ್ಡ್ ಸ್ಟಾಲ್ಮನ್ ಇದನ್ನು ಒಪ್ಪಲಿಲ್ಲ. ಎಲ್ಲರೂ ಹಂಚಿಕೊಳ್ಳುವ ತಂತ್ರಾಂಶ ಕಟ್ಟುತ್ತೇವೆ ಎಂದು 1983ರಲ್ಲಿ ಸಾರಿದರು. 1989ರಲ್ಲಿ ಅದಕ್ಕೊಂದು ಪರವಾನಗಿ ಪತ್ರ ಬಂತು. ಅದನ್ನು ಜಿ.ಪಿ.ಎಲ್. ಎನ್ನುತ್ತಾರೆ. ಅದು ಕೊಡುವ ಸ್ವಾತಂತ್ರ್ಯ ನಾಲ್ಕು:

1. ಯಾವ ಕೆಲಸಕ್ಕಾದರೂ ಬಳಸಬಹುದು.
2. ಮೂಲ ಬರಹ ಓದಿ ಕಲಿಯಬಹುದು.
3. ನಕಲು ಮಾಡಿ ಹಂಚಬಹುದು. ದುಡ್ಡು ತೆಗೆದುಕೊಂಡು ಕೊಡಲೂಬಹುದು.
4. ತಿದ್ದಬಹುದು. ತಿದ್ದಿದ್ದನ್ನೂ ಹಂಚಬಹುದು.

ಷರತ್ತುಗಳೂ ಇವೆ:

1. ಬೇರೆಯವರಿಗೆ ಕೊಡುವಾಗ ಮೂಲ ಬರಹವೂ ಅವರಿಗೆ ಸಿಗಬೇಕು.
2. ಪರವಾನಗಿ ಪತ್ರವೂ ಜೊತೆಗೆ ಹೋಗಬೇಕು.
3. ಮೊದಲು ಬರೆದವರ ಹಕ್ಕಿನ ಮಾತನ್ನು ಅಳಿಸಬಾರದು. ನಾವು ತಿದ್ದಿದ್ದರೆ ತಿದ್ದಿದ್ದೇವೆ ಎಂದು ಹೇಳಬೇಕು.
4. ನಮಗೆ ಸಿಕ್ಕ ಸ್ವಾತಂತ್ರ್ಯವನ್ನೇ ಮುಂದಿನವರಿಗೂ ಕೊಡಬೇಕು.

ನಮ್ಮ ಮನೆಯಲ್ಲಿ ಬಳಸಲು ಮಾತ್ರ ತಿದ್ದಿಕೊಂಡರೆ ಯಾರಿಗೂ ತೋರಿಸಬೇಕಾಗಿಲ್ಲ. ಹಂಚಿದಾಗ ಮಾತ್ರ ಈ ಷರತ್ತು. ಇನ್ನೊಂದು ಮಾತು. “ಕೆಟ್ಟರೆ ನಾವು ಹೊಣೆಯಲ್ಲ” ಎಂದೂ ಆ ಪತ್ರದಲ್ಲಿ ಬರೆದಿರುತ್ತದೆ.

ಷರತ್ತು ಯಾಕೆ ಬೇಕು?

ಹತ್ತು ಜನ ಸೇರಿ ಒಂದು ಬಾವಿ ತೋಡಿದರು. ಒಬ್ಬ ಬಂದು ಕಟ್ಟೆ ಎತ್ತರಿಸಿ, ಬಾಗಿಲು ಇಟ್ಟು, ಬೀಗ ಹಾಕಿದ. “ಇನ್ನು ಕೊಡಕ್ಕೆ ಇಷ್ಟು” ಅಂದ. ತೋಡಿದವರಿಗೇ ನೀರಿಲ್ಲ! ತಂತ್ರಾಂಶಕ್ಕೂ ಹೀಗೆ ಆಗಬಹುದು. ನೂರಾರು ಜನ ಬರೆದದ್ದನ್ನು ಒಬ್ಬ ತೆಗೆದುಕೊಂಡು, ಸ್ವಲ್ಪ ತಿದ್ದಿ, ಬೀಗ ಹಾಕಿ ನಮಗೇ ಮಾರಬಹುದು. ನಾಲ್ಕನೆಯ ಷರತ್ತು ಇದನ್ನು ತಡೆಯುತ್ತದೆ.

ಎಲ್ಲ ಪರವಾನಗಿಯೂ ಒಂದೇ ಅಲ್ಲ. ಎಂ.ಐ.ಟಿ., ಅಪಾಚೆ ಎಂಬ ಪರವಾನಗಿಗಳಲ್ಲಿ ಈ ನಾಲ್ಕನೆಯ ಷರತ್ತು ಇಲ್ಲ. ತಿದ್ದಿದವರು ತಮ್ಮದಕ್ಕೆ ಬೀಗ ಹಾಕಿಕೊಳ್ಳಬಹುದು. ಅದಕ್ಕೇ ಪತ್ರ ಓದಬೇಕು.

1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ ಲಿನಕ್ಸ್ ಎಂಬ ತಂತ್ರಾಂಶ ಬರೆದರು. 1992ರಲ್ಲಿ ಅದಕ್ಕೆ ಜಿ.ಪಿ.ಎಲ್. ಪರವಾನಗಿ ಕೊಟ್ಟರು. ಲೋಕದ ಸಾವಿರಾರು ಜನ ಅದನ್ನು ಬೆಳೆಸಿದರು. ಇವತ್ತು ಆಂಡ್ರಾಯ್ಡ್ ಮೊಬೈಲುಗಳ ತಿರುಳು ಲಿನಕ್ಸೇ.

ಕನ್ನಡಕ್ಕೆ ಏನು ಲಾಭ?

ಬೀಗ ಹಾಕಿದ ತಂತ್ರಾಂಶದಲ್ಲಿ ಕನ್ನಡ ಬೇಕಾದರೆ ಕಂಪನಿಯನ್ನು ಕೇಳಬೇಕು. ಅವರಿಗೆ ಲಾಭ ಕಾಣದಿದ್ದರೆ ನಾವು ಕಾಯಬೇಕು. ಮುಕ್ತ ತಂತ್ರಾಂಶದಲ್ಲಿ ಹಾಗಿಲ್ಲ. ಕನ್ನಡ ಬಲ್ಲವರೇ ಕೈ ಹಾಕಬಹುದು. ಇಂಟರ್ನೆಟ್ ನೋಡುವ ಫೈರ್‌ಫಾಕ್ಸ್, ಪತ್ರ ಮತ್ತು ಲೆಕ್ಕ ಬರೆಯುವ ಲಿಬ್ರೆ ಆಫೀಸ್ ಹೀಗೆ ಕನ್ನಡಕ್ಕೆ ಬಂದವು. ಗುಬ್ಬಿ, ನವಿಲು ಎಂಬ ಚೆಂದದ ಹೆಸರಿನ ಕನ್ನಡ ಅಕ್ಷರ ವಿನ್ಯಾಸಗಳೂ ಮುಕ್ತವಾಗಿವೆ. ಒಂದು ಒತ್ತಕ್ಷರ ಸರಿ ಕಾಣದಿದ್ದರೆ ತಿಳಿದವರು ತಿದ್ದಬಹುದು.

ಕರ್ನಾಟಕದ ಸರ್ಕಾರಿ ಪ್ರೌಢಶಾಲೆಯ ಶಿಕ್ಷಕರು 2011ರಿಂದ ಇಂಥ ತಂತ್ರಾಂಶ ಕಲಿತರು. ತಾವೇ ಪಾಠ ಬರೆದು ಹಂಚಿಕೊಂಡರು.

ಪುಸ್ತಕಕ್ಕೂ ಇಂಥ ಪರವಾನಗಿ ಕೊಡಬಹುದು. ಮೈಸೂರು ವಿಶ್ವವಿದ್ಯಾಲಯ 2014ರಲ್ಲಿ ಕನ್ನಡ ವಿಶ್ವಕೋಶದ ಆರು ಸಂಪುಟಗಳನ್ನು ಹೀಗೆ ಬಿಟ್ಟುಕೊಟ್ಟಿತು. ಹೆಸರು ಹೇಳಬೇಕು, ಅದೇ ಷರತ್ತಿನಲ್ಲಿ ಮುಂದೆ ಹಂಚಬೇಕು. ಅಷ್ಟೇ ಕರಾರು.

ಬಿಟ್ಟಿಯೆಲ್ಲ ಮುಕ್ತವಲ್ಲ

ವಾಟ್ಸಾಪ್ ಹಾಕಿಕೊಳ್ಳಲು ನಾವು ದುಡ್ಡು ಕೊಡುವುದಿಲ್ಲ. ಹಾಗಾದರೆ ಅದು ಮುಕ್ತವೇ? ಅಲ್ಲ. ಅದರ ಮೂಲ ಬರಹವನ್ನು ನಮಗೆ ಕೊಟ್ಟಿಲ್ಲ. ತಿದ್ದಿ ಹಂಚಲು ಒಪ್ಪಿಗೆಯೂ ಇಲ್ಲ. ಬಿಟ್ಟಿ ಅನ್ನುವುದು ಬೆಲೆಯ ಮಾತು. ಮುಕ್ತ ಅನ್ನುವುದು ಹಕ್ಕಿನ ಮಾತು.

ನಾವು ಏನು ಮಾಡಬಹುದು?

ಸಂಘದ ಲೆಕ್ಕಕ್ಕೋ ಮಕ್ಕಳ ಓದಿಗೋ ಹಳೆ ಕಂಪ್ಯೂಟರ್ ಕೊಳ್ಳುತ್ತೇವೆ ಅನ್ನಿ. ಅಂಗಡಿಯವರು ಕಳ್ಳ ನಕಲು ತುಂಬಿ ಕೊಡಬಹುದು. ಅದು ಕಾನೂನಿಗೆ ವಿರುದ್ಧ. ವೈರಸ್ ಸೇರುವ ಅಪಾಯವೂ ಇದೆ. ಆಗ ಹೀಗೆ ಕೇಳೋಣ: “ಅಣ್ಣಾ, ಲಿನಕ್ಸು, ಲಿಬ್ರೆ ಆಫೀಸು ಹಾಕಿಕೊಡ್ತೀರಾ? ಅದಕ್ಕೆ ಲೈಸೆನ್ಸ್ ದುಡ್ಡು ಕೊಡೋ ಹಾಗಿಲ್ಲ ಅಲ್ವಾ?” ಹಾಕಿಕೊಟ್ಟ ಕೂಲಿ ಕೊಡೋಣ. ಆಮೇಲೆ ಪಕ್ಕದ ಸಂಘಕ್ಕೂ ಅದನ್ನು ಧೈರ್ಯವಾಗಿ ಕೊಡೋಣ. ಅದು ಕದ್ದದ್ದಲ್ಲ.

ಓದು ಬಾರದಾಗ ಕಾಗದ ತೋರಿಸಿದ ಕಡೆ ಹೆಬ್ಬೆಟ್ಟು ಒತ್ತುತ್ತಿದ್ದೆವು. ಈಗ ಮೊಬೈಲು ‘ಒಪ್ಪುತ್ತೇನೆ’ ಎಂಬ ಗುಂಡಿ ತೋರಿಸುತ್ತದೆ. ಓದದೆ ಒತ್ತಿದರೆ ಅದೂ ಹೆಬ್ಬೆಟ್ಟೇ! ಪೂರ್ತಿ ಅರ್ಥವಾಗದಿದ್ದರೂ ನಾಲ್ಕು ಪ್ರಶ್ನೆ ಕೇಳೋಣ: ಬಳಸಬಹುದೇ? ಕಲಿಯಬಹುದೇ? ಹಂಚಬಹುದೇ? ತಿದ್ದಬಹುದೇ?

ಹುಡುಕೋಣ

ಮೊಬೈಲಿನ ‘ಸೆಟ್ಟಿಂಗ್ಸ್’ ತೆರೆಯಿರಿ. ‘ಫೋನ್ ಬಗ್ಗೆ’ ಎಂಬಲ್ಲಿ ‘ಕಾನೂನು ಮಾಹಿತಿ’ ಹುಡುಕಿ. ಮೊಬೈಲಿನಿಂದ ಮೊಬೈಲಿಗೆ ಜಾಗ ಬೇರೆ ಇರಬಹುದು. ಮುಕ್ತ ಪರವಾನಗಿಗಳ ಉದ್ದ ಪಟ್ಟಿ ಸಿಗುತ್ತದೆ. ಅದರಲ್ಲಿ ಜಿ.ಪಿ.ಎಲ್. ಇದೆಯೇ ನೋಡಿ.

ಪದಗಳ ಅರ್ಥ

ತಂತ್ರಾಂಶ – ಯಂತ್ರಕ್ಕೆ ಬರೆದ ಸೂಚನೆಗಳು
ಪರವಾನಗಿ – ಒಪ್ಪಿಗೆ ಪತ್ರ
ಷರತ್ತು – ಪಾಲಿಸಬೇಕಾದ ಕರಾರು
ಮುಕ್ತ – ಬೀಗವಿಲ್ಲದ, ತೆರೆದ

ಮಾತಾಡೋಣ

1. ನಾಲ್ಕು ಸ್ವಾತಂತ್ರ್ಯಗಳು ಯಾವುವು?
2. ಬಿಟ್ಟಿಗೂ ಮುಕ್ತಕ್ಕೂ ಏನು ವ್ಯತ್ಯಾಸ?
3. ನಿಮ್ಮ ಊರಲ್ಲಿ ಎಲ್ಲರೂ ಹಂಚಿಕೊಂಡು ಬಳಸುವುದು ಯಾವುದು? ಅದಕ್ಕೆ ಷರತ್ತು ಇದೆಯೇ? ಅದನ್ನು ಯಾರು ಮಾಡಿದರು?