ಕಲ್ಲು ಹಾಸಿದ ಅಂಗಳವೂ ಮಳೆನೀರಿನ ಕಾಲುವೆಯೂ

ಮಣ್ಣಿನ ಅಂಗಳವು ತನ್ನ ಮೇಲೆ ಬಿದ್ದ ಮಳೆಯಲ್ಲಿ ಒಂದು ಪಾಲನ್ನು ತಾನೇ ಕುಡಿಯುತ್ತದೆ. ಅದಕ್ಕೆ ಕಲ್ಲನ್ನೋ ಕಾಂಕ್ರೀಟನ್ನೋ ಹಾಸಿದೊಡನೆ ಆ ಪಾಲೂ ಮೇಲೆಯೇ ಉಳಿದು ಹರಿಯತೊಡಗುತ್ತದೆ. ದಾನಿಗಳ ನೆರವಿನಿಂದ ಶಾಲೆಗಳ ಅಂಗಳಗಳು ಅಂದವಾಗಿ ಸಿದ್ಧವಾಗುವುವು. ಆದರೆ ನೀರಿನ ದಾರಿಯ ವಿಚಾರವು ಅನೇಕ ವೇಳೆ ಮೊದಲ ಮಳೆಯ ತರುವಾಯವೇ ಏಳುವುದು. ಅಷ್ಟರಲ್ಲಿ ನೀರು ಕೊಠಡಿಯ ಹೊಸ್ತಿಲನ್ನು ದಾಟಿರುತ್ತದೆ. ಗೋಡೆಯ ಬುಡ ತೇವಗೊಂಡಿರುತ್ತದೆ. ಪಾಚಿಗಟ್ಟಿದ ಕಲ್ಲಿನ ಮೇಲೆ ಮಕ್ಕಳು ಜಾರಿ ಬೀಳುತ್ತಾರೆ. ಆದುದರಿಂದ ಜಾಲರಿ ಮುಚ್ಚಿದ ಕಾಲುವೆಯನ್ನು ಕಲ್ಲು ಹಾಸುವುದಕ್ಕೆ ಮೊದಲೇ ನಿಶ್ಚಯಿಸಬೇಕು. ಅದೂ ನೀರಿನ ಅಳತೆಯಿಂದ, ಮಿಕ್ಕ ಹಣದ ಅಳತೆಯಿಂದಲ್ಲ.

ನೀರನ್ನು ಅಳೆಯುವುದು ಕಠಿನವಲ್ಲ. ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರಾಗುತ್ತದೆ. 40 ಮೀಟರ್ ಉದ್ದ, 25 ಮೀಟರ್ ಅಗಲದ ಅಂಗಳದ ವಿಸ್ತೀರ್ಣ 1000 ಚದರ ಮೀಟರ್. ಗಂಟೆಗೆ 60 ಮಿಲಿಮೀಟರ್‌ನಂತೆ ಬಿರುಮಳೆ ಸುರಿದರೆ ಇಲ್ಲಿ ನಿಮಿಷಕ್ಕೆ 1000 ಲೀಟರ್ ಬೀಳುವುದು. ಅದರಲ್ಲಿ ಹತ್ತಕ್ಕೆ ಒಂಬತ್ತು ಪಾಲು ಹರಿದುಬರುವುದೆಂದು ಗಣಿಸಿದರೆ ಸೆಕೆಂಡಿಗೆ 15 ಲೀಟರ್. ಎಂದರೆ ಸೆಕೆಂಡಿಗೊಂದು ತುಂಬಿದ ಕೊಡ. ಚಾವಣಿಯ ನೀರೂ ಅಂಗಳಕ್ಕೇ ಇಳಿಯುವುದಾದರೆ ಅದನ್ನೂ ಕೂಡಿಸಬೇಕು. ಮಳೆಯ ಬಿರುಸನ್ನು ಆಯಾ ಊರಿನ ಮಳೆಯ ದಾಖಲೆಯಿಂದ ತಿಳಿಯಬೇಕು.

ಎರಡನೆಯದು ಇಳಿಜಾರು. ಅಂಗಳವು ಕಟ್ಟಡದ ಕಡೆಯಿಂದ ಕಾಲುವೆಯ ಕಡೆಗೆ 100 ಮೀಟರಿಗೆ ಒಂದು ಮೀಟರಿನಂತೆಯಾದರೂ ತಗ್ಗಿರಬೇಕು. 25 ಮೀಟರ್ ಅಗಲಕ್ಕೆ ಇದು 25 ಸೆಂಟಿಮೀಟರ್. ಕಾಲುವೆಯು 40 ಮೀಟರಿನ ಬದಿಯಲ್ಲಿದ್ದು, ಅದರ ತಳವು 200ಕ್ಕೆ ಒಂದರಂತೆ ಇಳಿದರೆ ಕೊನೆಯಲ್ಲಿ 20 ಸೆಂಟಿಮೀಟರ್ ತಗ್ಗು ದೊರೆಯುವುದು. ರಾಬರ್ಟ್ ಮ್ಯಾನಿಂಗನು 1889ರಲ್ಲಿ ಮಂಡಿಸಿದ ಸೂತ್ರದಂತೆ, 20 ಸೆಂಟಿಮೀಟರ್ ಅಗಲದ ನಯವಾದ ಕಾಂಕ್ರೀಟು ಕಾಲುವೆಯಲ್ಲಿ ಈ ಇಳಿಜಾರಿನಲ್ಲಿ ನೀರು 10 ಸೆಂಟಿಮೀಟರ್ ಆಳಕ್ಕೆ ಹರಿದರೆ ಸೆಕೆಂಡಿಗೆ ಸುಮಾರು 15 ಲೀಟರ್ ಸಾಗುವುದು. ಹೂಳು, ಎಲೆಗಳನ್ನು ನೆನೆದು, ಮೊದಲಲ್ಲೇ 15 ಸೆಂಟಿಮೀಟರ್ ಆಳವಿಡುವುದು ಉಚಿತ. ಅಗಲವನ್ನು ಸುಮ್ಮನೆ ಹೆಚ್ಚಿಸಿದರೆ ಸಣ್ಣ ಮಳೆಯ ನೀರು ತೆಳ್ಳಗೆ ಹರಡಿ, ಮಣ್ಣನ್ನು ಒಯ್ಯಲಾರದೆ ಹೋಗುವುದು.

ಮೂರನೆಯದು ಜಾಲರಿ. ಐರೋಪ್ಯ ಮಾನದಂಡ ಇಎನ್ 1433 ಇದನ್ನು ಭಾರಕ್ಕನುಸಾರವಾಗಿ ವಿಂಗಡಿಸಿದೆ: ಪಾದಚಾರಿಗಳಿಗೆ ಎ15, ಕಾರು ನಿಲ್ಲುವೆಡೆಗೆ ಬಿ125, ಲಾರಿ ಓಡಾಡುವ ರಸ್ತೆಗೆ ಡಿ400. ಈ ಅಂಕೆಗಳು ಕಿಲೋನ್ಯೂಟನ್ನುಗಳಲ್ಲಿ ಪರೀಕ್ಷಾಭಾರವನ್ನು ಸೂಚಿಸುತ್ತವೆ. 15 ಎಂದರೆ ಸುಮಾರು ಒಂದೂವರೆ ಟನ್ನು. ಮಕ್ಕಳು ಮಾತ್ರ ನಡೆಯುವರೆಂದು ಹಗುರಾದ ಜಾಲರಿಯಿಟ್ಟಲ್ಲಿ ಉತ್ಸವದ ದಿನ ನೀರಿನ ಟ್ಯಾಂಕರು ಬಂದರೆ ಅದು ಬಾಗುವುದು. ಜಾಲರಿಯ ಸಂದುಗಳು ಕಿರಿದಾಗಿದ್ದು ನಡೆಯುವ ದಿಕ್ಕಿಗೆ ಅಡ್ಡವಾಗಿರಬೇಕು. ಇಲ್ಲವಾದರೆ ಸೈಕಲ್ಲಿನ ಗಾಲಿಯೂ ಗಾಲಿಕುರ್ಚಿಯ ಗಾಲಿಯೂ ಸಿಕ್ಕಿಕೊಳ್ಳುವುವು. ಹಾಸುಗಲ್ಲಿಗಿಂತ ಜಾಲರಿ ಮೂರು ಮಿಲಿಮೀಟರಿನಷ್ಟು ತಗ್ಗಿರಬೇಕು. ಉಬ್ಬಿದ ಜಾಲರಿ ನೀರನ್ನೂ ತಡೆಯುವುದು, ಕಾಲನ್ನೂ ಎಡವಿಸುವುದು.

ಕಾಲುವೆಯ ಕೊನೆಗೆ ಹೂಳುಗುಂಡಿಯಿರಬೇಕು. ಅದರಿಂದ ಹೊರಡುವ ಕೊಳವೆ ಅಷ್ಟೇ ನೀರನ್ನು ಒಯ್ಯಬಲ್ಲುದಾಗಿರಬೇಕು. ಮಳೆನೀರನ್ನು ಶೌಚದ ಕೊಳವೆಗೆ ಕೂಡಿಸಲಾಗದು. ಸೋಸಿ ಇಂಗುಗುಂಡಿಗೆ ಬಿಟ್ಟರೆ ಮಣ್ಣಿನ ಅಂಗಳವು ಕುಡಿಯುತ್ತಿದ್ದ ಪಾಲು ಮತ್ತೆ ನೆಲಕ್ಕೆ ಸಲ್ಲುವುದು.

ದಾನಿಯ ಹೆಸರು ಹಾಸುಗಲ್ಲಿನ ಮೇಲೆ ಕೆತ್ತಲ್ಪಡುವುದು, ಕಾಲುವೆಯ ತಳದಲ್ಲಲ್ಲ. ಆದರೂ ಮಳೆಗಾಲದಲ್ಲಿ ಮಕ್ಕಳು ಒಣಗಿದ ಕೊಠಡಿಯಲ್ಲಿ ಕುಳಿತು ಪಾಠ ಕೇಳುವಂತೆ ಮಾಡುವುದು ಆ ಕಾಣದ ಕಾಲುವೆಯೇ. ಅಂಗಳಕ್ಕೆ ಕೊಡುವವರು ಅದಕ್ಕೂ, ವರ್ಷವರ್ಷವೂ ಮುಂಗಾರಿಗೆ ಮುನ್ನ ಅದರ ಹೂಳೆತ್ತುವ ಕೆಲಸಕ್ಕೂ ಒಂದು ಪಾಲನ್ನು ಮೀಸಲಿಟ್ಟರೆ ಆ ದಾನವು ಪೂರ್ಣವಾಗುವುದು.