ಸಿಸೇರಿಯನ್ ಆದ ಬೆಕ್ಕಿನ ಬಾಣಂತನ

ಮುಧೋಳ ಎಂದೊಡನೆ ಎಲ್ಲರಿಗೂ ನೆನಪಾಗುವುದು ಅಲ್ಲಿನ ಬೇಟೆನಾಯಿ. ಆದರೆ ಜಮಖಂಡಿ, ಬೀಳಗಿ ಕಡೆಯ ಮನೆಗಳಲ್ಲಿ ಜೋಳದ ಚೀಲವನ್ನು, ರಬಕವಿ-ಬನಹಟ್ಟಿಯ ನೇಕಾರರ ಮನೆಗಳಲ್ಲಿ ನೂಲನ್ನು ಇಲಿಗಳಿಂದ ಕಾಯುವುದು ಬೆಕ್ಕು. ಅದಕ್ಕೆ ಹೆರಿಗೆ ಕಷ್ಟವಾದರೆ ಪಶುವೈದ್ಯರು ಹೊಟ್ಟೆ ಕೊಯ್ದು ಮರಿ ತೆಗೆಯಬೇಕಾಗುತ್ತದೆ. ಶಸ್ತ್ರಚಿಕಿತ್ಸೆ ವೈದ್ಯರ ಕೆಲಸ, ಬಾಣಂತನ ಮನೆಯವರದು. ಆದರೆ ಮನುಷ್ಯರ ಬಾಣಂತನದ ಕ್ರಮಗಳನ್ನೇ ಬೆಕ್ಕಿಗೂ ಮಾಡಹೊರಟರೆ ಜೀವಕ್ಕೇ ಅಪಾಯ.

ಮೊದಲ ದಿನ

ಅರಿವಳಿಕೆಯ ಮಂಪರು ಇಳಿಯುವವರೆಗೆ ತಾಯಿಯ ಬಳಿ ಮರಿಗಳನ್ನು ಬಿಟ್ಟು ಹೋಗಬೇಡಿ. ತೂರಾಡಿ ಅವುಗಳ ಮೇಲೆ ಬೀಳಬಹುದು, ಗುರುತು ಹತ್ತದೆ ಕಚ್ಚಲೂಬಹುದು. ಪೂರ್ತಿ ಎಚ್ಚರವಾದ ಮೇಲೆ ಮರಿಗಳನ್ನು ಒಂದೊಂದಾಗಿ ಮೊಲೆಗೆ ಹಿಡಿಯಿರಿ. ಮೊದಲ ದಿನದ ಗಿಣ್ಣುಹಾಲು ಮರಿಗಳಿಗೆ ರೋಗನಿರೋಧಕ ಶಕ್ತಿ ಕೊಡುತ್ತದೆ. ಹೊಲಿಗೆ ಇದೆಯೆಂದು ಹಾಲು ಬಿಡಿಸಬೇಕಾಗಿಲ್ಲ.

ಎಳೆಯ ಮರಿಗಳಿಗೆ ತಮ್ಮ ಮೈ ಬಿಸಿ ಕಾಯ್ದುಕೊಳ್ಳಲು ಬಾರದು. ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ಪೆಟ್ಟಿಗೆಯ ಒಂದು ಬದಿಗೆ ಮಾತ್ರ ಇಡಿ. ಸೆಕೆಯಾದರೆ ಮರಿಗಳು ಆಚೆ ಸರಿಯಲು ಜಾಗವಿರಲಿ. ಹಾಸಲು ಒಗೆದ ಹಳೆಯ ಧೋತರ ಸಾಕು. ಹರಿದ ಕೌದಿಯ ದಾರ ಮರಿಗಳ ಕಾಲಿಗೆ ಸುತ್ತಿಕೊಳ್ಳುತ್ತದೆ. ಮಗ್ಗದ ಕೋಣೆಯೂ ಬೇಡ. ಅಲ್ಲಿ ಸದ್ದು ಹೆಚ್ಚು, ಹತ್ತಿಯ ಧೂಳು ಗಾಯಕ್ಕೆ ಅಂಟುತ್ತದೆ.

ಮಾಡಬಾರದ್ದು

ನೋವು ಕಂಡು ಪ್ಯಾರಾಸಿಟಮಾಲ್ ಕೊಡಲೇಬೇಡಿ. ಬೆಕ್ಕಿನ ಯಕೃತ್ತಿಗೆ ಅದನ್ನು ಕರಗಿಸಿ ಹೊರಹಾಕುವ ಶಕ್ತಿಯಿಲ್ಲ. ಒಂದೇ ಮಾತ್ರೆ ಪ್ರಾಣ ತೆಗೆಯಬಲ್ಲದು. ಅಂಟಿನ ಉಂಡಿಯಲ್ಲಿರುವ ಒಣದ್ರಾಕ್ಷಿ ಅದಕ್ಕೆ ಒಗ್ಗದು. ಉಳ್ಳಾಗಡ್ಡಿ, ಬೆಳ್ಳುಳ್ಳಿ ರಕ್ತದ ಕೆಂಪು ಕಣಗಳನ್ನು ನಾಶಮಾಡುತ್ತವೆ. ಸ್ನಾನ, ಲೋಬಾನದ ಹೊಗೆ ಎರಡೂ ಬೇಡ. ಹೊಲಿಗೆಗೆ ಅರಿಷಿಣ, ಎಣ್ಣೆ ಹಚ್ಚಬೇಡಿ. ಫಿನಾಯಿಲ್ ಅಂತೂ ಬೆಕ್ಕಿಗೆ ವಿಷ. ಪೆಟ್ಟಿಗೆಯ ಸುತ್ತಲಿನ ನೆಲಕ್ಕೂ ಹಾಕಬೇಡಿ.

ಆಹಾರ

ಹಾಲೂಡುವ ಬೆಕ್ಕಿಗೆ ಬರುಬರುತ್ತ ಮಾಮೂಲಿಗಿಂತ ಎರಡು-ಮೂರು ಪಟ್ಟು ಆಹಾರ ಬೇಕಾಗುತ್ತದೆ. ಬೆಕ್ಕು ಮಾಂಸಾಹಾರಿ ಪ್ರಾಣಿ, ಹಾಲು-ರೊಟ್ಟಿಯೊಂದೇ ಸಾಲದು. ಎಲುಬು ತೆಗೆದು ಬೇಯಿಸಿದ ಕೋಳಿಮಾಂಸ, ಬೇಯಿಸಿದ ಮೊಟ್ಟೆಯನ್ನು ಸ್ವಲ್ಪಸ್ವಲ್ಪವಾಗಿ ಹಲವು ಸಲ ಕೊಡಿ. ಮಾಂಸ ತರದ ಮನೆಯವರು ಮರಿಬೆಕ್ಕುಗಳಿಗೆಂದೇ ಮಾರುವ ಸಿದ್ಧ ಆಹಾರ ಕೊಡಬಹುದು. ಕುಡಿಯುವ ನೀರು ಸದಾ ಹತ್ತಿರವಿರಲಿ. ತಾಯಿಗೆ ಹಾಲು ಸಾಲದಿದ್ದರೆ ಮರಿಗಳಿಗೆ ಆಕಳ ಹಾಲು ಹಾಕದೆ, ಬೆಕ್ಕಿನ ಮರಿಗಳ ಹಾಲಿನ ಪುಡಿಯನ್ನು ವೈದ್ಯರಿಂದ ಕೇಳಿ ಪಡೆಯಿರಿ. ಹುಟ್ಟಿದಾಗ ಸುಮಾರು 100 ಗ್ರಾಂ ಇರುವ ಮರಿ ದಿನಕ್ಕೆ 10 ಗ್ರಾಂನಷ್ಟು ಬೆಳೆಯಬೇಕು. ಅಡುಗೆಮನೆಯ ಚಿಕ್ಕ ತಕ್ಕಡಿಯಲ್ಲಿ ದಿನವೂ ತೂಗಿ ನೋಡಿ.

ಯಾವಾಗ ವೈದ್ಯರ ಬಳಿಗೆ?

ಹೊಲಿಗೆಯನ್ನು ದಿನಕ್ಕೆರಡು ಸಲ ನೋಡಿ. ತುಸು ಬಾವು ಸಹಜ. ಕೀವು, ರಕ್ತ, ಬಿಚ್ಚಿದ ಹೊಲಿಗೆ ಸಹಜವಲ್ಲ. ತಾಯಿ ಹೊಲಿಗೆಯನ್ನು ನೆಕ್ಕುತ್ತಿದ್ದರೆ ಕೊರಳಪಟ್ಟಿ ಹಾಕಬೇಕೇ ಎಂದು ವೈದ್ಯರನ್ನು ಕೇಳಿ. ಕೆಲವು ದಿನ ಕಂದುಗೆಂಪು ಸ್ರಾವ ಇರುತ್ತದೆ. ಅದು ದುರ್ವಾಸನೆ ಬೀರಿದರೆ, ಜ್ವರ 103 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ, ಒಂದು ದಿನ ಆಹಾರ ಮುಟ್ಟದಿದ್ದರೆ ತಡಮಾಡಬೇಡಿ. ಮೈ ನಡುಗಿ ಕಾಲು ಸೆಟೆದುಕೊಂಡರೆ ಅದು ಸುಣ್ಣದಂಶದ ಕೊರತೆಯಿರಬಹುದು. ಗಂಟೆಗಳ ಲೆಕ್ಕದಲ್ಲಿ ಜೀವ ಹೋಗಬಹುದು. ಆಗ ಮರಿಗಳನ್ನು ಬೇರೆ ಇಟ್ಟು ತಾಯಿಯನ್ನು ಕೂಡಲೇ ಪಶು ಆಸ್ಪತ್ರೆಗೆ ಒಯ್ಯಿರಿ.

ಹೊರಗಿನ ಹೊಲಿಗೆಯನ್ನು ಸಾಮಾನ್ಯವಾಗಿ 10ರಿಂದ 14 ದಿನಕ್ಕೆ ತೆಗೆಯುತ್ತಾರೆ. ಅಲ್ಲಿಯವರೆಗೆ ಬೆಕ್ಕು ಅಟ್ಟ, ಮಾಳಿಗೆ ಹತ್ತದಂತೆ ಒಂದೇ ಕೋಣೆಯಲ್ಲಿರಲಿ. ಮರಿಗಳು ಹಾಲು ಕುಡಿಯುತ್ತಿರುವಾಗಲೇ ತಾಯಿ ಮತ್ತೆ ಗಬ್ಬವಾಗಬಹುದು; ಆದ್ದರಿಂದ ಗಂಡುಬೆಕ್ಕು ಒಳಬರದಂತೆ ನೋಡಿಕೊಳ್ಳಿ. ಹೊಲಿಗೆ ಬಿಚ್ಚಿಸಲು ಹೋದ ದಿನವೇ ಸಂತಾನಹರಣ ಶಸ್ತ್ರಚಿಕಿತ್ಸೆ ಯಾವಾಗ ಮಾಡಿಸಬೇಕೆಂದು ಕೇಳಿ ಬನ್ನಿ.